ಮಾಸಾಶನವೋ, ಆರೈಕೆ ಭತ್ಯೆಯೋ, ವಿಮೆಯೋ: ವಿಕಲಚೇತನರಿರುವ ಮನೆಯವರು ಯಾವ ಅರ್ಜಿ ಮೊದಲು ಹಾಕಬೇಕು?

ಅರವತ್ತಾರು ವಯಸ್ಸಿನ, ಪೋಲಿಯೋದಿಂದ ಎಡಗಾಲು ಸೊರಗಿರುವ ಕೃಷಿ ಕಾರ್ಮಿಕರೊಬ್ಬರು ಅಂಗವಿಕಲ ಮಾಸಾಶನಕ್ಕೆ ಅರ್ಜಿ ಹಾಕಬೇಕೋ, ವಯಸ್ಸಾದ ದುಡಿಮೆಗಾರರಿಗಿರುವ ಸಂಧ್ಯಾ ಸುರಕ್ಷಾ ಮಾಸಾಶನಕ್ಕೆ ಹಾಕಬೇಕೋ? ಸೆರೆಬ್ರಲ್ ಪಾಲ್ಸಿ ಇರುವ ಒಂಬತ್ತು ವರ್ಷದ ಮಗುವಿನ ತಾಯಿ ಮೊದಲು ಮಗುವಿನ ಹೆಸರಿನಲ್ಲಿ ಮಾಸಾಶನ ಕೇಳಬೇಕೋ, ಆರೈಕೆದಾರರ ಭತ್ಯೆ ಕೇಳಬೇಕೋ, ಫಿಸಿಯೋಥೆರಪಿಯ ಖರ್ಚಿಗೆ ನಿರಾಮಯ ವಿಮೆ ಮಾಡಿಸಬೇಕೋ? ಬಂಧುಗಳಿಗೆ, ನೆರೆಹೊರೆಯವರಿಗೆ ಇಂಥ ಅರ್ಜಿಗಳನ್ನು ತುಂಬಿಕೊಟ್ಟು, ಅವರೊಡನೆ ಸಾಲಿನಲ್ಲಿ ನಿಂತು ಬಂದ ನನಗೆ ಈ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ. ಕರ್ನಾಟಕದಲ್ಲಿ ವಿಕಲಚೇತನರಿಗೆ ಇರುವ ನೆರವುಗಳು ಎರಡು ಮೂರು ಇಲಾಖೆಗಳಲ್ಲಿ ಹಂಚಿಹೋಗಿವೆ. ಯಾವುದು ಯಾವುದರ ಜೊತೆ ಸೇರಿ ಬರುತ್ತದೆ, ಯಾವುದನ್ನು ಪಡೆದರೆ ಇನ್ನೊಂದು ತಪ್ಪಿಹೋಗುತ್ತದೆ ಎಂಬುದನ್ನು ಒಂದೇ ಕಡೆ ಕೂರಿಸಿಕೊಂಡು ಹೇಳುವವರು ಸಿಗುವುದಿಲ್ಲ. ಆ ಕೆಲಸವನ್ನು ಇಲ್ಲಿ ಮಾಡಲು ಯತ್ನಿಸಿದ್ದೇನೆ.

ಆಯ್ಕೆಗೆ ಕೂರುವ ಮೊದಲು ಐದು ಸಂಗತಿಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಪ್ರಮಾಣಪತ್ರದಲ್ಲಿ ನಮೂದಾಗಿರುವ ವೈಕಲ್ಯದ ಶೇಕಡಾವಾರು ಎಷ್ಟು; ಆದಾಯ ಪ್ರಮಾಣಪತ್ರದಲ್ಲಿರುವ ಮೊತ್ತ ಎಷ್ಟು; ವಿಕಲಚೇತನರ ವಯಸ್ಸೆಷ್ಟು; ಮನೆಗೆ ಈಗ ತುರ್ತಾಗಿ ಬೇಕಿರುವುದು ತಿಂಗಳ ಹಣವೋ, ಸಾಧನವೋ, ಚಿಕಿತ್ಸೆಯೋ; ಕಚೇರಿಗೂ ಬ್ಯಾಂಕಿಗೂ ಹೋಗಿಬರಲು ಆ ವ್ಯಕ್ತಿಗೆ ಮೈಯಲ್ಲಿ ಎಷ್ಟು ತ್ರಾಣವಿದೆ. ಕೊನೆಯದನ್ನು ಯಾವ ಅರ್ಜಿ ನಮೂನೆಯೂ ಕೇಳುವುದಿಲ್ಲ. ಆದರೆ ಮಂಜೂರಾದ ಹಣ ಕೈಗೆ ಬರುತ್ತದೋ ಇಲ್ಲವೋ ಎಂಬುದನ್ನು ಬಹಳ ಸಲ ನಿರ್ಧರಿಸುವುದು ಅದೇ.

ಮೊದಲಿಗೆ ಶೇಕಡಾವಾರು. 2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಶೇ. 40 ಮತ್ತು ಅದಕ್ಕಿಂತ ಹೆಚ್ಚಿನದನ್ನು ಸೌಲಭ್ಯಗಳಿಗೆ ಆಧಾರವಾದ ಮಟ್ಟವೆಂದು ಇಟ್ಟುಕೊಂಡಿದೆ. ಮಾಸಾಶನದಲ್ಲಿ ರಾಜ್ಯ ಸರ್ಕಾರ ಎಳೆದಿರುವ ಮುಂದಿನ ಗೆರೆ ಶೇ. 75, ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯ ಗೆರೆ ಶೇ. 80. ಇದಕ್ಕೆ ಬಣ್ಣದ ಗೊಂದಲವೂ ಸೇರಿಕೊಂಡಿದೆ: 2024ರ ತಿದ್ದುಪಡಿ ನಿಯಮಗಳ ಪ್ರಕಾರ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ವೈಕಲ್ಯ ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರ ಒಳಗಿದ್ದರೆ ಹಳದಿ, 80 ಮತ್ತು ಮೇಲಿದ್ದರೆ ನೀಲಿ. ಹೀಗಾಗಿ ಶೇ. 77 ವೈಕಲ್ಯವಿರುವವರ ಕೈಯಲ್ಲಿ ಇರುವುದು ಹಳದಿ ಕಾರ್ಡು, ಆದರೆ ರಾಜ್ಯದ ಮಾಸಾಶನದಲ್ಲಿ ಅವರು ಹೆಚ್ಚಿನ ದರಕ್ಕೆ ಅರ್ಹರು. ಅರ್ಜಿ ತುಂಬುವವರು ಕಾರ್ಡಿನ ಬಣ್ಣ ನೋಡಿ ಕಡಿಮೆ ದರದ ಸಾಲಿಗೆ ಸೇರಿಸಿಬಿಡದಂತೆ, ಶೇಕಡಾವಾರು ಬರೆದಿರುವ ಜಾಗವನ್ನೇ ಬೆರಳಿಟ್ಟು ತೋರಿಸಬೇಕು.

ಎರಡು ಬಗೆಯ ವೈಕಲ್ಯ ಒಟ್ಟಿಗೆ ಇರುವವರು ತಪಾಸಣೆಯ ದಿನವೇ ಎಚ್ಚರವಾಗಿರಬೇಕು. ನನ್ನ ಸೋದರಮಾವನ ಮಗನಿಗೆ ಮೊದಲ ಸಲ ಶೇ. 38 ಎಂದು ಬರೆದುಕೊಟ್ಟರು. ವೈದ್ಯರು ಕಾಲನ್ನು ಮಾತ್ರ ನೋಡಿದ್ದರು. ಒಂದು ಕಿವಿ ಮಂದವಾಗಿರುವುದನ್ನು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಮೇಜಿನ ಮೇಲಿದ್ದ ಆ ಹಾಳೆಯಲ್ಲಿ 38 ಎಂಬ ಅಂಕಿಯನ್ನು ಕಂಡಾಗ ಅವನು ‘ಎರಡೇ ಮಾರ್ಕು ಸಾಲದಾಯ್ತು ಅಣ್ಣಾ’ ಎಂದು ನಕ್ಕದ್ದು ನನಗೆ ಇನ್ನೂ ನೆನಪಿದೆ. ಎರಡು ವೈಕಲ್ಯಗಳನ್ನು ಸೇರಿಸುವಾಗ ನೇರವಾಗಿ ಕೂಡುವುದಿಲ್ಲ. ಹೆಚ್ಚಿನದನ್ನು ಹಾಗೆಯೇ ಇಟ್ಟುಕೊಂಡು, ಅದನ್ನು 90ರಿಂದ ಕಳೆದು ಬಂದುದನ್ನು ಕಡಿಮೆಯ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ಸೇರಿಸುತ್ತಾರೆ. ಕಾಲಿನದು 38, ಕಿವಿಯದು 20 ಎಂದಾದರೆ ಒಟ್ಟು 58 ಆಗುವುದಿಲ್ಲ, ಸುಮಾರು 50 ಆಗುತ್ತದೆ. ಆದರೂ 40ರ ಗೆರೆ ದಾಟಲು ಅದು ಧಾರಾಳವಾಗಿ ಸಾಕು. ಪ್ರಮಾಣಪತ್ರದ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕಾಯ್ದೆಯ 59ನೆಯ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ಗೆರೆಯ ಆಸುಪಾಸಿನಲ್ಲಿ, ಎಂದರೆ 37–39 ಅಥವಾ 72–74ರಲ್ಲಿ ನಿಂತವರು ಬೇರೆ ಯಾವ ಅರ್ಜಿಗೂ ಕೈಹಾಕುವ ಮುನ್ನ ಇದನ್ನೇ ಯೋಚಿಸುವುದು ಲೇಸು. ಒಮ್ಮೆ ಬಿದ್ದ ಆ ಅಂಕಿಯ ಮೇಲೆಯೇ ಮುಂದಿನ ಎಲ್ಲ ಅರ್ಜಿಗಳೂ ನಿಲ್ಲುತ್ತವೆ.

ಎರಡನೆಯದು ಆದಾಯ. ರಾಜ್ಯದ ಸಾಮಾಜಿಕ ಭದ್ರತಾ ಮಾಸಾಶನಗಳಿಗೆ ಎಲ್ಲ ಮೂಲಗಳಿಂದ ಬರುವ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ತಿಂಗಳಿಗೆ ಭಾಗಿಸಿದರೆ 2,667 ರೂಪಾಯಿಯೂ ಪೂರ್ತಿ ಆಗುವುದಿಲ್ಲ. ಇಷ್ಟು ಕಿರಿದಾದ ಬಾಗಿಲಲ್ಲಿ ನುಸುಳಲಾಗದ ಎಷ್ಟೋ ಬಡ ಮನೆಗಳು ‘ನಮಗೇನೂ ಸಿಗುವುದಿಲ್ಲ’ ಎಂದು ಅಲ್ಲಿಗೇ ಕೈಬಿಡುತ್ತವೆ. ಅದು ತಪ್ಪು ಲೆಕ್ಕ. ಸಾಧನ ಸಲಕರಣೆಗಳ ಯೋಜನೆಗೆ ತಿಂಗಳಿಗೆ 22,500 ರೂಪಾಯಿವರೆಗೆ ಆದಾಯವಿದ್ದರೂ ಪೂರ್ಣ ನೆರವು ಇದೆ; ನಿರಾಮಯ ವಿಮೆಗೆ ಆದಾಯದ ಮಿತಿಯೇ ಇಲ್ಲ, ಕಂತಿನ ಮೊತ್ತ ಮಾತ್ರ ಬದಲಾಗುತ್ತದೆ. ಆದಾಯದ ಕಾರಣಕ್ಕೆ ಮಾಸಾಶನ ತಪ್ಪಿದವರು ಈ ಎರಡರ ಕಡೆ ಮೊದಲು ನೋಡಬೇಕು. ಆದಾಯ ತೆರಿಗೆ ಕಟ್ಟುವ ಮನೆಯವರಾದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಅವಲಂಬಿತ ವಿಕಲಚೇತನರಿಗಾಗಿ 75,000 ರೂಪಾಯಿ, ವೈಕಲ್ಯ ಶೇ. 80 ಮತ್ತು ಮೇಲಿದ್ದರೆ 1,25,000 ರೂಪಾಯಿ ಕಡಿತ ಪಡೆಯಬಹುದು. ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಅದು ಇಲ್ಲ.

ಈಗ ಆಯ್ಕೆಗಳಿಗೆ ಬರೋಣ. ಬಡ ಮನೆಗೆ ಎಲ್ಲಕ್ಕಿಂತ ಹತ್ತಿರದ್ದು ಕಂದಾಯ ಇಲಾಖೆಯ ಮೂಲಕ ಬರುವ ಅಂಗವಿಕಲ ಮಾಸಾಶನ. 2021ರ ಪರಿಷ್ಕರಣೆಯ ನಂತರ ಶೇ. 40ರಿಂದ 75ರ ಒಳಗಿನವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿನ ವೈಕಲ್ಯಕ್ಕೆ 1,400 ರೂಪಾಯಿ, ತೀವ್ರ ಬುದ್ಧಿಮಾಂದ್ಯ ಇರುವವರಿಗೆ 2,000 ರೂಪಾಯಿ ಎಂದು ದರಗಳಿವೆ. ಕೇಂದ್ರದ ಯೋಜನೆ ಪ್ರತ್ಯೇಕವೆಂದು ತಿಳಿದು ಎರಡು ಅರ್ಜಿ ಹಾಕುವವರಿದ್ದಾರೆ, ಅದರ ಅಗತ್ಯವಿಲ್ಲ. ಬಡತನ ರೇಖೆಗಿಂತ ಕೆಳಗಿರುವ, 18ರಿಂದ 79 ವಯಸ್ಸಿನ, ಶೇ. 80 ಮೀರಿದವರ ಪಾಲಿಗೆ ಕೇಂದ್ರ ಕೊಡುವ 300 ರೂಪಾಯಿ ಈ ಮೊತ್ತದೊಳಗೇ ಸೇರಿ ಬರುತ್ತದೆ. ರಾಜ್ಯದ ಮಾಸಾಶನಕ್ಕೆ ಮಕ್ಕಳೂ ಅರ್ಹರು ಎಂಬುದನ್ನು ಮಾತ್ರ ಮರೆಯಬಾರದು. ‘ಹದಿನೆಂಟು ತುಂಬಲಿ’ ಎಂದು ಯಾರೋ ಹೇಳಿದ್ದನ್ನು ನಂಬಿ ವರ್ಷಗಟ್ಟಲೆ ಸುಮ್ಮನಿದ್ದ ತಾಯಂದಿರನ್ನು ನಾನು ಕಂಡಿದ್ದೇನೆ. ಆ ವಯಸ್ಸಿನ ನಿಯಮ ಕೇಂದ್ರದ ಪಾಲಿನದು.

ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಮಾಸಾಶನ ಎಂಬುದು ಇಲ್ಲಿಯ ಮುಖ್ಯ ನಿಯಮ. ವಯಸ್ಸಾದ ವಿಕಲಚೇತನರು ಮತ್ತು ಗಂಡನನ್ನು ಕಳೆದುಕೊಂಡ ವಿಕಲಚೇತನ ಮಹಿಳೆಯರು ನಿಜವಾಗಿ ಆರಿಸಿಕೊಳ್ಳಬೇಕಾದ ಜಾಗ ಇದು. 65 ತುಂಬಿದ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಅಸಂಘಟಿತ ವಲಯದ ಕೆಲಸಗಾರರಿಗೆ ಇರುವ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ವಿಧವಾ ವೇತನದಲ್ಲಿ 800. ಆರಂಭದಲ್ಲಿ ಹೇಳಿದ ಕೃಷಿ ಕಾರ್ಮಿಕರ ವೈಕಲ್ಯ ಶೇ. 55 ಆಗಿದ್ದರೆ ಅಂಗವಿಕಲ ಮಾಸಾಶನದಲ್ಲಿ ಸಿಗುವುದು 800 ಮಾತ್ರ, ಆದ್ದರಿಂದ ಅವರಿಗೆ ಸಂಧ್ಯಾ ಸುರಕ್ಷಾ ಲಾಭ. ಅದೇ ವೈಕಲ್ಯ ಶೇ. 78 ಆಗಿದ್ದರೆ 1,400ರ ಅಂಗವಿಕಲ ಮಾಸಾಶನವೇ ಮೇಲು. ಶೇ. 78 ಇರುವ ವಿಧವೆಗೂ ಅಷ್ಟೇ. ಶೇ. 50 ಇರುವ ವಿಧವೆಗೆ ಎರಡೂ 800 ಆದ್ದರಿಂದ ಹಣದಲ್ಲಿ ವ್ಯತ್ಯಾಸವಿಲ್ಲ. ದಾಖಲೆ ಯಾವುದು ಸಿದ್ಧವಿದೆಯೋ ಅದನ್ನೇ ಹಾಕಬಹುದು. ವೈಕಲ್ಯದ ಮಾಸಾಶನ ಬಿಟ್ಟು ಬೇರೆಯದನ್ನು ಆರಿಸಿಕೊಂಡರೆ ಯುಡಿಐಡಿ ಕಾರ್ಡು ನಿರರ್ಥಕವಾಗುತ್ತದೆ ಎಂಬ ಭಯ ಕೆಲವರಿಗಿದೆ. ಹಾಗೇನೂ ಇಲ್ಲ; ಬಸ್ ಪಾಸು, ಸಾಧನ ಸಲಕರಣೆ ಇವೆಲ್ಲ ಕಾರ್ಡಿನ ಮೇಲೆ ನಿಲ್ಲುತ್ತವೆ, ಮಾಸಾಶನದ ಮೇಲಲ್ಲ.

ಈ ದರಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 2016ರ ಕಾಯ್ದೆಯ 24ನೆಯ ಕಲಮು, ವಿಕಲಚೇತನರಿಗೆ ಕೊಡುವ ನೆರವು ಅದೇ ಬಗೆಯ ಇತರ ಯೋಜನೆಗಳಲ್ಲಿ ಬೇರೆಯವರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. ವಿಧವಾ ವೇತನವೂ ಶೇ. 40–75ರ ಅಂಗವಿಕಲ ಮಾಸಾಶನವೂ 800ರಲ್ಲೇ ನಿಂತಿರುವುದನ್ನು ನೋಡಿದರೆ ಆ ಮಾತು ಪುಸ್ತಕದಲ್ಲೇ ಉಳಿದಿದೆ ಎನ್ನಬೇಕಾಗುತ್ತದೆ.

ಈಗಾಗಲೇ ಒಂದು ಮಾಸಾಶನ ಪಡೆಯುತ್ತಿರುವವರು ಇನ್ನೊಂದಕ್ಕೆ ಬದಲಾಗಲು ಯೋಚಿಸುವಾಗ ನಡುವಿನ ಖಾಲಿ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಹಳೆಯದು ರದ್ದಾಗದೆ ಹೊಸದು ಮಂಜೂರಾಗುವುದಿಲ್ಲ. 1,200ರಿಂದ 1,400ಕ್ಕೆ ಹೋದರೆ ತಿಂಗಳಿಗೆ 200 ಹೆಚ್ಚು. ಆದರೆ ನಡುವೆ ಮೂರು ತಿಂಗಳು ಹಣ ನಿಂತರೆ 3,600 ಹೋಯಿತು, ಅದನ್ನು ತುಂಬಿಕೊಳ್ಳಲು 18 ತಿಂಗಳು ಬೇಕು. ದಿನಸಿ, ಮಾತ್ರೆಗಳಿಗೆ ಆ ಹಣವನ್ನೇ ನಂಬಿರುವ ಒಂಟಿ ವೃದ್ಧರಿಗೆ ಈ ಬದಲಾವಣೆಯನ್ನು ನಾನು ಸೂಚಿಸುವುದಿಲ್ಲ. 800ರಿಂದ 1,400ಕ್ಕೆ ಹೋಗುವುದಾದರೆ ಮಾತು ಬೇರೆ. ಆ ಮೂರು ತಿಂಗಳ 2,400 ನಾಲ್ಕೇ ತಿಂಗಳಲ್ಲಿ ತುಂಬುತ್ತದೆ.

ಆರೈಕೆದಾರರ ಭತ್ಯೆ ಬೇರೆ ಜಾತಿಯದು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೀರೋಸಿಸ್ ಇರುವವರನ್ನು ನೋಡಿಕೊಳ್ಳುವವರ ಶ್ರಮಕ್ಕೆಂದು ತಿಂಗಳಿಗೆ 1,000 ರೂಪಾಯಿ ಕೊಡುವ ವ್ಯವಸ್ಥೆ ಇದು. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕೈಯಲ್ಲಿರುವುದರಿಂದ ನಾಡಕಚೇರಿಯಲ್ಲಿ ಕೇಳಿದರೆ ‘ಇಲ್ಲಿಲ್ಲ’ ಎಂಬ ಉತ್ತರವೇ ಬರುವುದು ಸಹಜ; ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ವಿಚಾರಿಸಬೇಕು. ಇದನ್ನು ಮಾಸಾಶನಕ್ಕೆ ಬದಲಿಯೆಂದು ನೋಡಬಾರದು. ರೋಗದ ಹೆಸರು ಪಟ್ಟಿಯಲ್ಲಿದ್ದರೆ ಹಾಕಬೇಕು, ಇಲ್ಲದಿದ್ದರೆ ಅದರ ಹಿಂದೆ ಅಲೆದು ದಿನಗೂಲಿ ಕಳೆದುಕೊಳ್ಳಬಾರದು.

ಚಿಕಿತ್ಸೆಯೇ ದೊಡ್ಡ ಖರ್ಚಾಗಿರುವ ಮನೆಗಳು ನಿರಾಮಯ ಮತ್ತು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇವೆರಡನ್ನು ಬಿಡಿಸಿ ನೋಡಬೇಕು. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ಸಿಗುತ್ತದೆ. ಶಸ್ತ್ರಚಿಕಿತ್ಸೆಗೆ, ಒಳರೋಗಿಯಾಗಿ ಸೇರಿದಾಗ ಅದು ದೊಡ್ಡ ಆಸರೆ. ಆದರೆ ವಾರಕ್ಕೆ ಮೂರು ದಿನ ಮಗುವನ್ನು ಎತ್ತಿಕೊಂಡು ಫಿಸಿಯೋಥೆರಪಿಗೆ, ಮಾತಿನ ತರಬೇತಿಗೆ ಹೋಗುವ ತಾಯಿಯ ಖರ್ಚು ಅದರ ಲೆಕ್ಕಕ್ಕೆ ಬರುವುದಿಲ್ಲ. 1999ರ ಕಾಯ್ದೆಯಡಿ ರಚನೆಯಾದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯದಲ್ಲಿ ಹೊರರೋಗಿ ಚಿಕಿತ್ಸೆ, ಔಷಧಿ, ನಿರಂತರ ಥೆರಪಿಗಳೂ ಸೇರಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. ವಯಸ್ಸಿನ ಮಿತಿ ಇಲ್ಲ, ಮುಂಚಿತ ವೈದ್ಯಕೀಯ ಪರೀಕ್ಷೆಯೂ ಇಲ್ಲ. ನೋಂದಣಿಗೆ ಬಿಪಿಎಲ್ ಮನೆಗೆ 250, ಉಳಿದವರಿಗೆ 500 ರೂಪಾಯಿ, ನವೀಕರಣಕ್ಕೆ ಇನ್ನೂ ಕಡಿಮೆ. ಅದರ ಮಿತಿ ಎರಡು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವೈಕಲ್ಯ ಈ ನಾಲ್ಕಕ್ಕೆ ಮಾತ್ರ ಅದು ಅನ್ವಯಿಸುತ್ತದೆ. ಪೋಲಿಯೋ ಒಂದೇ ಇದ್ದವರಿಗೆ, ಕುರುಡುತನ ಒಂದೇ ಇದ್ದವರಿಗೆ ಇಲ್ಲ. ಮತ್ತೆ ಹಣವನ್ನು ಮೊದಲು ಕೈಯಿಂದ ಕಟ್ಟಿ, ರಸೀದಿಗಳನ್ನು ಕಳಿಸಿ ಆಮೇಲೆ ವಾಪಸು ಪಡೆಯಬೇಕು. ಕೈಯಲ್ಲಿ ಕಾಸಿಲ್ಲದ ಮನೆಗೆ ಈ ಎರಡನೆಯದು ದೊಡ್ಡ ತೊಡಕು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಪ್ರತಿ ರಸೀದಿಯನ್ನೂ ತಾರೀಖಿನ ಪ್ರಕಾರ ಇಟ್ಟುಕೊಳ್ಳುವ ಶಿಸ್ತಿರುವವರಿಗೆ ಇದು ಮಾಸಾಶನಕ್ಕಿಂತ ಹೆಚ್ಚು ಬೆಲೆಬಾಳುತ್ತದೆ. ಆ ಶಿಸ್ತು ಇಲ್ಲದವರಿಗೆ 250 ರೂಪಾಯಿಯೂ ನಷ್ಟ.

ಸಾಧನ ಬೇಕಿದ್ದರೆ ಕೇಂದ್ರದ ಎಡಿಐಪಿ ಯೋಜನೆ. ಗಾಲಿಕುರ್ಚಿ, ತ್ರಿಚಕ್ರ ಸೈಕಲ್, ಶ್ರವಣ ಸಾಧನ, ಕೃತಕ ಕಾಲು ಇತ್ಯಾದಿಗಳು ತಿಂಗಳ ಆದಾಯ 22,500ರ ಒಳಗಿದ್ದರೆ ಪೂರ್ಣ ನೆರವಿನಲ್ಲೂ, 30,000ರ ಒಳಗಿದ್ದರೆ ಅರ್ಧ ನೆರವಿನಲ್ಲೂ ಸಿಗುತ್ತವೆ. ಒಮ್ಮೆ ಪಡೆದರೆ ಮೂರು ವರ್ಷ ಮತ್ತೆ ಕೇಳುವಂತಿಲ್ಲ, 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ. ಆದ್ದರಿಂದ ಶಿಬಿರದಲ್ಲಿ ಕೊಡುತ್ತಾರೆಂದು ಅಳತೆಗೆ ಹೊಂದದ ಗಾಲಿಕುರ್ಚಿಯನ್ನು ಒಪ್ಪಿಕೊಂಡು ಮನೆಗೆ ತಂದು ಮೂಲೆಗಿಡುವುದಕ್ಕಿಂತ ಮುಂದಿನ ಶಿಬಿರದವರೆಗೆ ಕಾಯುವುದು ಮೇಲು.

ದುಡಿಮೆಯ ನಂಟಿರುವ ಸೌಲಭ್ಯಗಳು ಬಡತನವನ್ನು ನೋಡುವುದಿಲ್ಲ, ಕಟ್ಟಿದ ವಂತಿಗೆಯನ್ನು ನೋಡುತ್ತವೆ. ಮನೆಯಲ್ಲಿ ಯಾರಾದರೂ ಪಿಎಫ್ ಅಥವಾ ಇಎಸ್‌ಐ ಇದ್ದ ಕೆಲಸದಲ್ಲಿದ್ದರೇ ಎಂದು ಮಾಸಾಶನದ ಅರ್ಜಿಗೂ ಮುನ್ನ ಕೇಳಿಕೊಳ್ಳಬೇಕು. ಕೆಲಸದಲ್ಲಾದ ಗಾಯದಿಂದ ಬಂದ ಶಾಶ್ವತ ವೈಕಲ್ಯಕ್ಕೆ ಇಎಸ್‌ಐ ಕೊಡುವ ನೆರವು ಕೂಲಿಯ ಪ್ರಮಾಣಕ್ಕೆ ತಕ್ಕಂತೆ ಲೆಕ್ಕವಾಗುವುದರಿಂದ, 800 ರೂಪಾಯಿಯ ಮುಂದೆ ಅದರ ತೂಕವೇ ಬೇರೆ. ಪಿಎಫ್ ಜೊತೆಗೇ ಬರುವ ನೌಕರರ ಪಿಂಚಣಿ ಯೋಜನೆಯ ಸದಸ್ಯರು ತೀರಿಕೊಂಡಾಗ, ಶಾಶ್ವತವಾಗಿ ಪೂರ್ಣ ವೈಕಲ್ಯಕ್ಕೊಳಗಾದ ಮಗನಿಗೋ ಮಗಳಿಗೋ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿ ಸಲ್ಲುತ್ತದೆ. ತಂದೆ ಗಾರ್ಮೆಂಟ್ಸಿನಲ್ಲೋ ಕಾರ್ಖಾನೆಯಲ್ಲೋ ಇದ್ದರು ಎಂಬುದನ್ನು ಮರೆತು 32,000ದ ಆದಾಯ ಪ್ರಮಾಣಪತ್ರಕ್ಕಾಗಿ ಅಲೆಯುತ್ತಿರುವ ಮನೆಗಳು ಇವೆ.

ಎಲ್ಲಿ ಅರ್ಜಿ ಕೊಡಬೇಕು ಎಂಬುದರಲ್ಲಿಯೂ ಆಯ್ಕೆಯಿದೆ. ನಾಡಕಚೇರಿಯಲ್ಲಿ ಕೊಟ್ಟರೆ ಶುಲ್ಕ ಕಡಿಮೆ, ತಪ್ಪಿದ್ದರೆ ಅಲ್ಲೇ ತಿದ್ದಿಸಬಹುದು, ಆದರೆ ಸರ್ವರ್ ಕೈಕೊಟ್ಟ ದಿನ ಹೋದ ದಾರಿಗೆ ಸುಂಕವಿಲ್ಲ. ಗ್ರಾಮ ಒನ್ ಕೇಂದ್ರ ಊರೊಳಗೇ ಇರುವುದರಿಂದ ನಡೆಯಲಾಗದವರಿಗೆ ಅನುಕೂಲ. ಎರಡಕ್ಕಿಂತಲೂ ನಾನು ಮೊದಲು ಹುಡುಕಿ ಎಂದು ಹೇಳುವುದು ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರನ್ನು. ಇವರನ್ನು ವಿಆರ್‌ಡಬ್ಲ್ಯು ಎಂದೇ ಎಲ್ಲರೂ ಕರೆಯುತ್ತಾರೆ. ಬಹುತೇಕ ಇವರೂ ವಿಕಲಚೇತನರೇ ಆಗಿರುವುದರಿಂದ ಯಾವ ಕಾಗದ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆಂದು ಸ್ವಂತ ಅನುಭವದಿಂದ ಬಲ್ಲರು. ಎಲ್ಲಿ ಕೊಟ್ಟರೂ ಸ್ವೀಕೃತಿಯಲ್ಲಿ, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ವ್ಯವಸ್ಥೆಯ ಸಂಖ್ಯೆ ಇದೆಯೇ ಎಂದು ನೋಡಿಕೊಂಡೇ ಏಳಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ಆ ಸಂಖ್ಯೆಯಿಂದ ಬರುತ್ತದೆ. ಆ 500ಕ್ಕಿಂತ, ಕಡತ ಯಾರ ಮೇಜಿನಲ್ಲಿ ಕೂತಿದೆ ಎಂದು ಕೇಳಲು ಅದು ಕೊಡುವ ಧೈರ್ಯವೇ ದೊಡ್ಡದು. ಹೋಬಳಿಯಲ್ಲಿ ಮಾಸಾಶನದ ಅಹವಾಲು ಕೇಳುವ ಪಿಂಚಣಿ ಅದಾಲತ್ ನಡೆಯುವ ದಿನ ಅದೇ ಚೀಟಿ ಹಿಡಿದು ಹೋಗಬಹುದು.

ಮಂಜೂರಾದ ಮೇಲೆ ಹಣ ಎಲ್ಲಿಗೆ ಬರಬೇಕು ಎಂಬುದು ಉಳಿಯುತ್ತದೆ. ನಮ್ಮ ಬೀದಿಯ ತಾಯಿಯೊಬ್ಬರಿಗೆ ಮಂಜೂರಾತಿ ಆದೇಶ ಬಂದು ಐದು ತಿಂಗಳಾದರೂ ಪಾಸ್‌ಬುಕ್ಕಿನಲ್ಲಿ ಒಂದು ಸಾಲೂ ಬಿದ್ದಿರಲಿಲ್ಲ. ಮಗುವಿನ ವಿದ್ಯಾರ್ಥಿವೇತನಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ತೆರೆದು ಮರೆತಿದ್ದ ಖಾತೆಗೆ ಆಧಾರ್ ಜೋಡಣೆಯಾಗಿತ್ತು. ಹಣವೆಲ್ಲ ಅಲ್ಲಿ ಸದ್ದಿಲ್ಲದೆ ಜಮೆಯಾಗುತ್ತಿತ್ತು. ಅರ್ಜಿಯಲ್ಲಿ ಯಾವ ಖಾತೆ ಬರೆದರೂ ನೇರ ನಗದು ವರ್ಗಾವಣೆಯ ಹಣ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೇ ಹೋಗುತ್ತದೆ. ಆದ್ದರಿಂದ ಹಣ ಬರಲಿಲ್ಲವೆಂದು ತಹಶೀಲ್ದಾರ್ ಕಚೇರಿಗೆ ಓಡುವ ಮೊದಲು ಬ್ಯಾಂಕಿನಲ್ಲಿ ಈ ಜೋಡಣೆಯನ್ನು ವಿಚಾರಿಸಬೇಕು. ಹಾಸಿಗೆ ಹಿಡಿದವರಿಗೆ, ಮೆಟ್ಟಿಲು ಹತ್ತಲಾಗದವರಿಗೆ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಖಾತೆ ಒಳ್ಳೆಯ ಆಯ್ಕೆ. ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ಬೆರಳಚ್ಚು ಪಡೆದು ಹಣ ಕೊಡುತ್ತಾರೆ. ಬೆರಳ ಗೆರೆ ಸವೆದವರಿಗೆ, ಕೈ ನಡುಗುವವರಿಗೆ ಅದೇ ಬೆರಳಚ್ಚು ಶತ್ರುವಾಗುತ್ತದೆ; ಅಂಥವರಿಗೆ ಎಟಿಎಂ ಕಾರ್ಡಿರುವ, ಕನಿಷ್ಠ ಶಿಲ್ಕಿನ ತಗಾದೆಯಿಲ್ಲದ ಮೂಲ ಉಳಿತಾಯ ಖಾತೆ ವಾಸಿ. ಮನೆಯವರ ಹಳೆಯ ಸಾಲ ಬಾಕಿಯಿರುವ ಬ್ಯಾಂಕಿನಲ್ಲಿ ಜಂಟಿ ಖಾತೆ ಮಾತ್ರ ಬೇಡ. ಹದಿನೆಂಟು ದಾಟಿದ, ಬುದ್ಧಿಮಾಂದ್ಯವಿರುವ ಮಗನ ಅಥವಾ ಮಗಳ ಖಾತೆಯನ್ನು ತಾಯ್ತಂದೆಯರು ನಿರ್ವಹಿಸಬೇಕಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಪೋಷಕತ್ವದ ಆದೇಶ ಪಡೆದಿರಬೇಕು. ಹದಿನೇಳರಲ್ಲೇ ಅದರ ಕಾಗದ ಜೋಡಿಸಲು ತೊಡಗಿದರೆ ಹಣ ನಡುವೆ ನಿಲ್ಲುವುದಿಲ್ಲ.

ಒಂಬತ್ತು ವರ್ಷದ ಆ ಮಗುವಿನ ತಾಯಿಗೆ ನಾನು ಹೇಳಿದ ಕ್ರಮ ಹೀಗಿತ್ತು: ಮೊದಲು ಯುಡಿಐಡಿ ಮತ್ತು ಆದಾಯ ಪ್ರಮಾಣಪತ್ರ, ಎರಡೂ ಕೈಗೆ ಬಂದ ವಾರವೇ ಮಗುವಿನ ಹೆಸರಿನಲ್ಲಿ ಮಾಸಾಶನ, ಅದರ ಬೆನ್ನಿಗೇ ಆರೈಕೆ ಭತ್ಯೆ, ಫಿಸಿಯೋಥೆರಪಿಯವರು ರಸೀದಿ ಕೊಡಲು ಒಪ್ಪಿದರೆ ನಿರಾಮಯ. ಮಗುವಿನದು ತಾತ್ಕಾಲಿಕ ಪ್ರಮಾಣಪತ್ರವಾದ್ದರಿಂದ ಅದರ ಅವಧಿ ಮುಗಿಯುವ ತಿಂಗಳನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿ ಬರೆದಿಟ್ಟಿದ್ದಾರೆ. ಹೊಸ ನಿಯಮದಲ್ಲಿ ಪ್ರಮಾಣಪತ್ರ ಕೊಡಲು ಮೂರು ತಿಂಗಳವರೆಗೆ ಕಾಲಾವಕಾಶವಿರುವುದರಿಂದ, ಅವಧಿ ಮುಗಿಯುವುದಕ್ಕೂ ನಾಲ್ಕು ತಿಂಗಳು ಮುಂಚೆ ಮರುತಪಾಸಣೆಗೆ ಹೋಗುವುದೆಂದು ಪಕ್ಕದಲ್ಲೇ ಗೀಟು ಹಾಕಿದ್ದಾರೆ.